ಮಳೆಯಲ್ಲಿ ಮೋಟಾರ್ ಹಾಕಿದ ಸಂಜೆ

ಬೆಣ್ಣೆಹಣ್ಣಿನ ಗಿಡಗಳ ಎಲೆ ಸುಡಲು ಶುರುವಾಗಿದ್ದು ಫೆಬ್ರುವರಿಯಲ್ಲಿ. ಮೊದಲು ಹಳೇ ಎಲೆಗಳ ತುದಿ ಕಂದಾಯಿತು, ಆಮೇಲೆ ಅಂಚು. ನೀರು ಸಾಲದೇನೋ ಅಂದುಕೊಂಡು ದಿನಾ ಅರ್ಧ ಗಂಟೆ ಡ್ರಿಪ್ ಬಿಟ್ಟೆ. ಎಲೆ ಇನ್ನೂ ಜಾಸ್ತಿ ಉದುರಿತು.

ನಮ್ಮದು ತಿಪಟೂರು ಕಡೆ. ಇದೇ ಬೋರ್ ನೀರು ಕುಡಿದ ತೆಂಗು ಪಕ್ಕದಲ್ಲೇ ಚೆನ್ನಾಗಿ ನಿಂತಿದೆ. ಹಾಗಾಗಿ ನೀರಿನ ಮೇಲೆ ಅನುಮಾನವೇ ಬರಲಿಲ್ಲ. ಕೊನೆಗೆ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟೆ. ಕ್ಲೋರೈಡ್, ಅಂದರೆ ಉಪ್ಪಿನಲ್ಲಿರೋ ಅಂಶ, ಲೀಟರಿಗೆ 240 ಮಿಲಿಗ್ರಾಂ. ಕುಡಿಯೋ ನೀರಿಗೆ 250ರವರೆಗೂ ಪರವಾಗಿಲ್ಲ. ಬೆಣ್ಣೆಹಣ್ಣಿಗೆ 100 ದಾಟಿದರೇ ಕಷ್ಟ.

“ನಾವು ಕುಡಿಯೋ ನೀರು ಅದಕ್ಕೆ ಆಗಲ್ವಂತಾ?” ಚಿಕ್ಕಪ್ಪ ನಕ್ಕರು. “ತೆಂಗಿನ ಬುಡಕ್ಕೆ ನಾವೇ ಉಪ್ಪು ಸುರೀತೀವಿ ಕಣೋ.”

ಅದೇ ನೋಡಿ ನಾನು ಎಡವಿದ್ದು. ತೆಂಗಿಗೆ ಕ್ಲೋರೈಡ್ ಬೇಕು. ಬೆಣ್ಣೆಹಣ್ಣಿನಲ್ಲಿ ಅದು ನೀರಿನ ಜೊತೆ ಎಲೆವರೆಗೂ ಏರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ತುದಿಯಲ್ಲೇ ಕೂತು ಸುಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಬಿಟ್ಟಿದ್ದರಿಂದ ಉಪ್ಪು ಕೆಳಗಿಳಿಯದೆ ಮೇಲಿನ ಬೇರಿನಲ್ಲೇ ಸೇರಿಕೊಂಡಿತ್ತು. ಸಾಲದ್ದಕ್ಕೆ ತೆಂಗಿಗೆ ತಂದ ಕೆಂಪು ಪೊಟ್ಯಾಷ್ ಗೊಬ್ಬರವನ್ನೇ ಇವಕ್ಕೂ ಹಾಕಿದ್ದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ! ಗಿಡ ಕೊಳ್ಳುವಾಗ ‘ಹಾಸ್’ ಅನ್ನೋ ತಳಿಯ ಹೆಸರು ನೋಡಿದೆನೇ ಹೊರತು, ಯಾವ ಬೇರುಗಿಡಕ್ಕೆ ಕಸಿ ಕಟ್ಟಿದ್ದು ಅಂತ ಕೇಳಲಿಲ್ಲ. ವೆಸ್ಟ್ ಇಂಡಿಯನ್ ತಳಿಯ ಬೇರಾದರೆ ಉಪ್ಪನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಮೆಕ್ಸಿಕನ್ ತಡೆಯೋದಿಲ್ಲ.

ಪೊಟ್ಯಾಷ್ ನಿಲ್ಲಿಸಿದೆ. ದಿನಾ ಬಿಡೋ ಬದಲು ನಾಲ್ಕೈದು ದಿನಕ್ಕೊಮ್ಮೆ ಚೆನ್ನಾಗಿ ನೆನೆಸತೊಡಗಿದೆ. ಏರುಮಡಿ ಇದ್ದದ್ದರಿಂದ ಬಚಾವ್, ನೀರು ನಿಂತಿದ್ದರೆ ಬೇರು ಕೊಳೆತೇ ಹೋಗುತ್ತಿತ್ತು.

ಏಪ್ರಿಲ್ ಕೊನೆಗೆ ಒಂದು ಸಂಜೆ ತುಂತುರು ಬಿತ್ತು. ಡ್ರಿಪ್ಪರ್ ನೀರು ಹರಡಿದ ಜಾಗದ ಅಂಚಿನಲ್ಲಿ ಉಪ್ಪು ಕಟ್ಟಿರುತ್ತದೆ. ಸಣ್ಣ ಮಳೆ ಅದನ್ನು ಕರಗಿಸಿ ವಾಪಸ್ ಬೇರಿಗೇ ತಳ್ಳುತ್ತದೆ. ಜೊತೆಗೆ ಡ್ರಿಪ್ಪೂ ಬಿಟ್ಟರೆ ಆ ಉಪ್ಪು ಬೇರು ದಾಟಿ ಕೆಳಗಿಳಿಯುತ್ತದೆ. ಅದಕ್ಕೇ ಓಡಿಹೋಗಿ ಮೋಟಾರ್ ಹಾಕಿದೆ.

ಚಿಕ್ಕಪ್ಪ ಜಗುಲಿಯಿಂದ ಕೂಗಿದರು. “ಏನೋ, ಮಳೆ ಬರ್ತಾ ಇದ್ರೆ ನೀರು ಬಿಡ್ತೀಯಲ್ಲೋ! ತಲೆ ನೆಟ್ಟಗಿದೆ ತಾನೆ?”

ಉತ್ತರ ಕೊಡೋಷ್ಟರಲ್ಲಿ ಕರೆಂಟ್ ಹೋಯಿತು.