ರೀಡಿಂಗ್ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ

ಮತ್ತೆ ನೀರು ನಿಲ್ಲುವಂತೆ ಮಾಡಿ ಸರಿಪಡಿಸಿದ ಜೌಗು ಪ್ರದೇಶಗಳಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರುವವರಿಗೆ ಮೊದಲು ಹೇಳುವುದು ಇಷ್ಟೇ: ರೀಡಿಂಗ್ ಜೊತೆ ಗಂಟೆ ಬರೆಯಿರಿ, ನೀರಿನ ಮಟ್ಟ ಬರೆಯಿರಿ. ಇವೆರಡೂ ಇಲ್ಲದ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ.

ಕರಗಿದ ಆಮ್ಲಜನಕವನ್ನೇ ನೋಡಿ. ಪಾಚಿ ಜಾಸ್ತಿ ಇರುವ ಕಡೆ ಮಧ್ಯಾಹ್ನ ಮೀಟರ್ ಇಳಿಸಿದರೆ ಶೇ. 100 ದಾಟಿರುತ್ತದೆ (ಅಂದರೆ ನೀರು ಸಹಜವಾಗಿ ಹಿಡಿದಿಡುವುದಕ್ಕಿಂತ ಹೆಚ್ಚು), ಪಿಎಚ್ ಕೂಡ 9ರ ಹತ್ತಿರ ಏರಿರಬಹುದು. ಅದೇ ಜಾಗಕ್ಕೆ ಬೆಳಗಿನ ಜಾವ ಹೋಗಿ. ರಾತ್ರಿಯೆಲ್ಲ ಪಾಚಿ, ಗಿಡ, ಸೂಕ್ಷ್ಮಜೀವಿ ಎಲ್ಲವೂ ಉಸಿರಾಡಿ, ಲೀಟರ್‌ಗೆ 2 ಮಿಲಿಗ್ರಾಂ ಉಳಿದಿದ್ದರೆ ಹೆಚ್ಚು. ಮೀನು ಬದುಕುತ್ತಾ ಇಲ್ವಾ ಅನ್ನುವುದು ಆ ಹೊತ್ತಿನ ಲೆಕ್ಕ. ಮಧ್ಯಾಹ್ನದ್ದು ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಇನ್ನು ರಂಜಕ, ಅಂದರೆ ಫಾಸ್ಫರಸ್. ವರ್ಷಗಟ್ಟಲೆ ಗೊಬ್ಬರ ಹಾಕಿದ ಜಮೀನಿಗೆ ನೀರು ಬಿಟ್ಟಾಗ ಮೊದಮೊದಲು ನೀರಿನಲ್ಲಿ ರಂಜಕ ಏರುವುದುಂಟು. "ಜೌಗು ನೀರನ್ನು ಸೋಸುತ್ತೆ ಅಂದಿದ್ರಿ, ಇದೇನಿದು?" ಅಂತ ಹಣ ಕೊಟ್ಟವರು ಕೇಳುತ್ತಾರೆ. ಉತ್ತರ ಮಣ್ಣಿನಲ್ಲಿದೆ. ಅಲ್ಲಿನ ಕಬ್ಬಿಣದ ತುಕ್ಕು ರಂಜಕವನ್ನು ಹಿಡಿದಿಟ್ಟಿರುತ್ತದೆ. ನೀರು ನಿಂತು ಗಾಳಿ ಆಡದಾದಾಗ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕ, ಆಮೇಲೆ ನೈಟ್ರೇಟ್ ಮುಗಿಸಿ, ನಂತರ ಕಬ್ಬಿಣಕ್ಕೆ ಕೈ ಹಾಕುತ್ತವೆ. ತುಕ್ಕು ಕರಗುತ್ತದೆ, ರಂಜಕ ಬಿಡುಗಡೆಯಾಗುತ್ತದೆ. ಅಂದರೆ ನೈಟ್ರೇಟ್ ಇಳಿಸುವ ಕೆಲಸ ಆಗುತ್ತಿರುವಾಗಲೇ ರಂಜಕ ಏರಬಹುದು. ಎರಡನ್ನೂ ಒಟ್ಟಿಗೆ ತೋರಿಸಿದರೆ ಅರ್ಧ ಜಗಳ ತಪ್ಪುತ್ತದೆ. ಮಣ್ಣಿನೊಳಗಿನ ನೀರಿನ ಸ್ಯಾಂಪಲ್ಲನ್ನು ಸ್ಥಳದಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಆಮ್ಲ ಹಾಕಿಬಿಡಿ. ತಡವಾದರೆ ಬಾಟಲಿಯಲ್ಲೇ ಕಬ್ಬಿಣ ಮತ್ತೆ ತುಕ್ಕಾಗಿ ರಂಜಕವನ್ನು ಎಳೆದುಕೊಳ್ಳುತ್ತದೆ, ಲ್ಯಾಬ್ ಕಡಿಮೆ ತೋರಿಸುತ್ತದೆ.

ಮಣ್ಣನ್ನು ಕಣ್ಣಿನಿಂದಲೇ ಶುರು ಮಾಡಿ. ಮೊಳದುದ್ದ ತೆಗೆದು ಮುರಿದರೆ ಒಳಗೆ ಕಬ್ಬಿಣದ ತುಕ್ಕು ಕರಗಿಹೋಗಿ ಬೂದು ಬಣ್ಣ, ಬೇರು ಇಳಿದ ದಾರಿಯಲ್ಲಿ ಮಾತ್ರ ಕೆಂಪು ಗೆರೆ. ಬೇರು ಆಮ್ಲಜನಕ ಬಿಟ್ಟ ಕಡೆ ಕಬ್ಬಿಣ ತುಕ್ಕು ಹಿಡಿದಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೂಕ್ಷ್ಮಜೀವಿಗಳು ಕಬ್ಬಿಣವನ್ನೂ ದಾಟಿ ಸಲ್ಫೇಟ್‌ಗೆ ಕೈ ಹಾಕಿವೆ ಅಂತ. ಆದರೆ ಬೂದು ಬಣ್ಣ ನೋಡಿ ಸುಮ್ನೆ ಖುಷಿಪಡಬೇಡಿ. ಹಿಂದೆ ಜೌಗಾಗಿದ್ದ ಜಾಗದಲ್ಲಿ, ನೀರು ಬಸಿದು ಎಷ್ಟೋ ವರ್ಷವಾದರೂ ಆ ಬಣ್ಣ ಉಳಿದಿರುತ್ತದೆ. ಈಗಿನ ಸ್ಥಿತಿ ಬೇಕೆಂದರೆ ಕಬ್ಬಿಣದ ಆಕ್ಸೈಡ್ ಬಳಿದ ಪಿವಿಸಿ ಪೈಪ್ ಕೆಲವು ವಾರ ಹೂತಿಡಿ. ಯಾವ ಆಳದಲ್ಲಿ ಬಣ್ಣ ಹೋಗಿದೆಯೋ ಅಲ್ಲಿ ಕಬ್ಬಿಣ ಕರಗಿಸುವ ಕೆಲಸ ಈಗ ನಡೆಯುತ್ತಿದೆ. ಇಷ್ಟು ಅಗ್ಗದ, ಇಷ್ಟು ನೇರವಾದ ಉಪಾಯ ಬೇರೆ ನಾನು ನೋಡಿಲ್ಲ.

ಸಾವಯವ ಇಂಗಾಲ ಹತ್ತಾರು ವರ್ಷದ ವ್ಯವಹಾರ. ಅದನ್ನು ಪ್ರತಿ ವರ್ಷ ಲ್ಯಾಬ್‌ಗೆ ಕಳಿಸುವುದು ದುಡ್ಡು ದಂಡ. ಐದು ವರ್ಷಕ್ಕೊಮ್ಮೆ ಸಾಕು, ಆದರೆ ಅದೇ ಜಾಗ, ಅದೇ ಆಳ, ಜೊತೆಗೆ ಮಣ್ಣಿನ ಸಾಂದ್ರತೆಯೂ ಇರಲಿ.