ಮುತ್ತಿನ ಸರದ ಗಿಡ ಮತ್ತು ಮಂಗಳೂರಿನ ಸೆಕೆ

ಬೆಂಗಳೂರಿನಲ್ಲಿ ನನ್ನ ಮುತ್ತಿನ ಸರದ ಗಿಡ ಮೂರು ವರ್ಷ ಚೆನ್ನಾಗಿತ್ತು. ಮಂಗಳೂರಿಗೆ ತಂದ ಮೇಲೆ ಆರೇ ವಾರದಲ್ಲಿ ಕೊಳೆತು ಹೋಯಿತು. ಅದೇ ಕುಂಡ, ಅದೇ ಮಣ್ಣು, ವಾರಕ್ಕೊಂದು ಸಲ ಅದೇ ಒಂದು ಲೋಟ ನೀರು. ಬದಲಾಗಿದ್ದು ಗಾಳಿ ಮಾತ್ರ ಅಂದುಕೊಂಡಿದ್ದೆ.

ನರ್ಸರಿಯವರು ಇದನ್ನು ಸ್ಟ್ರಿಂಗ್ ಆಫ್ ಪರ್ಲ್ಸ್ ಅನ್ನುತ್ತಾರೆ. ದಾರದಂಥ ಕಾಂಡ, ಅದರ ತುಂಬ ಹಸಿ ಬಟಾಣಿಯಂಥ ದುಂಡು ಎಲೆಗಳು. ಕುಂಡದ ಅಂಚಿನಿಂದ ಕೆಳಗೆ ಜೋತು ಬೀಳುತ್ತದೆ. 2019ರ ಜನವರಿಯಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕೊಂಡುಕೊಂಡಿದ್ದೆ. ಬನಶಂಕರಿಯ ಮನೆಯ ಅಡುಗೆಮನೆ ಕಿಟಕಿಯಲ್ಲಿ ನೇತು ಹಾಕಿದ್ದೆ. ಬೆಳಗಿನ ಬಿಸಿಲು ಎರಡು ಗಂಟೆ ಬೀಳುತ್ತಿತ್ತು. ಅಷ್ಟೇ ನಾನು ಮಾಡಿದ ಆರೈಕೆ. ಎರಡನೇ ವರ್ಷದ ಚಳಿಗಾಲ ಮುಗಿಯುವಾಗ ಪುಟ್ಟ ಬಿಳಿ ಹೂವು ಬಿಟ್ಟಿತು. ಮೂಗು ಹತ್ತಿರ ತಂದರೆ ದಾಲ್ಚಿನ್ನಿ ಚೆಕ್ಕೆಯ ವಾಸನೆ. ಆ ದಿನ ಸಿಕ್ಕವರಿಗೆಲ್ಲ ಮೂಸಿಸಿದ್ದೆ.

2022ರ ಮೇ ತಿಂಗಳಲ್ಲಿ ಮಂಗಳೂರಿಗೆ ವರ್ಗವಾಯಿತು. ಕದ್ರಿಯಲ್ಲಿ ಬಾಡಿಗೆ ಮನೆ. ಹೊಸ ಊರಲ್ಲಿ ಗಿಡಕ್ಕೆ ಸುಸ್ತಾಗಿರಬಹುದು ಅಂದುಕೊಂಡು ದಿನಾ ಬೆಳಿಗ್ಗೆ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸುತ್ತಿದ್ದೆ. ಮನೆಯೊಳಗಿನ ಗಿಡಕ್ಕೆಲ್ಲ ತೇವ ಇಷ್ಟ ಅಂತ ಎಲ್ಲೋ ಓದಿದ್ದೆ. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಜುಲೈ ಶುರುವಾಗುವಾಗ ಮುತ್ತುಗಳು ಹಸಿರು ಬಿಟ್ಟು ಗಾಜಿನ ಹಾಗೆ ಪಾರದರ್ಶಕವಾದವು, ಆಮೇಲೆ ಕಂದು. ಒಂದು ಎಳೆಯನ್ನು ಮೆಲ್ಲಗೆ ಎತ್ತಿದೆ. ಬುಡದಿಂದ ಕಳಚಿ ಕೈಗೆ ಬಂತು. ಉಳಿದ ಎಳೆಗಳೂ ಹಾಗೇ.

ಪಕ್ಕದ ಮನೆಯ ಅಕ್ಕ ಕಾಂಪೌಂಡ್ ಆಚೆಯಿಂದ ನೋಡಿ ಕೇಳಿದರು, "ಮಳೆಗಾಲದಲ್ಲಿ ಇದಕ್ಕೆ ನೀರು ಹಾಕುದಾ ಮಾರಾಯ್ತಿ? ಗಾಳಿಯಲ್ಲೇ ನೀರು ಉಂಟಲ್ಲ!"

ಆ ಮಾತು ನನ್ನ ತಲೆಯಲ್ಲಿ ಕೂತಿತು. ಗಿಡದ ತವರು ಯಾವುದು ಅಂತ ಅವತ್ತೇ ಹುಡುಕಿದೆ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್. ಅಲ್ಲಿ ಇದು ನೇತಾಡುವುದೇ ಇಲ್ಲ. ಒಣ ನೆಲದ ಮೇಲೆ, ಪೊದೆಗಳ ನೆರಳಲ್ಲಿ, ಕಲ್ಲುಗಳ ಸಂದಿಯಲ್ಲಿ ಹರಡಿಕೊಳ್ಳುತ್ತದೆ. ಕಾಂಡ ನೆಲಕ್ಕೆ ತಾಗಿದಲ್ಲೆಲ್ಲ ಬೇರು. ಎಲೆ ದುಂಡಗಿರುವುದೂ ನೀರು ಉಳಿಸಲಿಕ್ಕೆ. ಉಂಡೆಯ ಹೊರಮೈ ಕಡಿಮೆ, ಹಾಗಾಗಿ ಆರಿ ಹೋಗುವ ನೀರೂ ಕಡಿಮೆ. ಪ್ರತಿ ಮುತ್ತಿನ ಮೇಲೂ ಒಂದು ತೆಳು ಪಟ್ಟಿ ಕಾಣುತ್ತದೆ, ನೋಡಿದ್ದೀರಾ? ಅದು ಕಿಟಕಿ. ಬೆಳಕು ಅದರಿಂದ ಎಲೆಯ ಒಳಗೆ ಇಳಿಯುತ್ತದೆ. ಇಷ್ಟು ಜೋಪಾನವಾಗಿ ನೀರು ಕಟ್ಟಿಟ್ಟುಕೊಳ್ಳುವ ಗಿಡಕ್ಕೆ ನಾನು ದಿನಾ ಮೈಮೇಲೆ ನೀರು ಎರಚಿದ್ದೆ.

ಹಗಲು 20ರಿಂದ 27 ಡಿಗ್ರಿ ಇದಕ್ಕೆ ಸುಖ. ಚಳಿಗಾಲದಲ್ಲಿ 10-15ಕ್ಕೆ ಇಳಿದರೂ ತೊಂದರೆಯಿಲ್ಲ. ಹಿಮ ಬೀಳುವ ಚಳಿ ಆಗದು, ಅದರ ಚಿಂತೆ ನಮಗಿಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ 34 ಡಿಗ್ರಿಯನ್ನೂ ನನ್ನ ಗಿಡ ತಡೆದಿತ್ತು. ಹಾಗಾದರೆ ಮಂಗಳೂರಿನ ಜುಲೈಯ 27 ಡಿಗ್ರಿ ಯಾಕೆ ತಡೆಯಲಿಲ್ಲ?

ಇದಕ್ಕೋಸ್ಕರ ಉಷ್ಣತೆ, ತೇವಾಂಶ ಎರಡೂ ತೋರಿಸುವ ಪುಟ್ಟ ಮೀಟರ್ ತಂದೆ. ಬೆಂಗಳೂರಲ್ಲಿರುವ ತಂಗಿಗೂ ಒಂದು ಕಳಿಸಿದೆ. ನನ್ನ ಗಿಡದ ಒಂದು ತುಂಡು ಅವಳ ಹತ್ತಿರ ಇದೆ. ಜುಲೈಯಲ್ಲಿ ನನ್ನ ಮೀಟರ್‌ನಲ್ಲಿ ತೇವಾಂಶ ಹಗಲೂ ರಾತ್ರಿ ಶೇಕಡಾ 90ರ ಆಸುಪಾಸು. ಫೆಬ್ರವರಿಯ ಒಂದು ಮಧ್ಯಾಹ್ನ ಅವಳ ಮೀಟರ್‌ನಲ್ಲಿ ಶೇಕಡಾ 34. ಅವಳ ಕುಂಡ ಐದಾರು ದಿನಕ್ಕೆ ಒಣಗುತ್ತದೆ. ನನ್ನದು ಮಳೆಗಾಲದಲ್ಲಿ ಮೂರು ವಾರ ಕಳೆದರೂ ಒಣಗಲ್ಲ. ಕೊಲ್ಲುವುದು ಗಾಳಿಯ ತೇವವೊಂದೇ ಅಲ್ಲ. ಆ ತೇವ ಮಣ್ಣನ್ನು ಆರಲು ಬಿಡುವುದಿಲ್ಲ, ಬೆಚ್ಚಗಿನ ಒದ್ದೆ ಮಣ್ಣಲ್ಲಿ ಬೇರು ಕೊಳೆಯುತ್ತದೆ. ವಾರಕ್ಕೊಂದು ಲೋಟ ಎನ್ನುವುದು ಬನಶಂಕರಿಯ ಲೆಕ್ಕ. ಕದ್ರಿಗೆ ಅದನ್ನು ತರಬಾರದಿತ್ತು.

ರಾತ್ರಿಯದು ಇನ್ನೊಂದು ಕಥೆ. ಒಣನಾಡಿನ ಇಂಥ ಗಿಡಗಳಲ್ಲಿ ಅನೇಕವು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ತಂಪಾದ ರಾತ್ರಿ ತೆರೆದು ಉಸಿರಾಡುತ್ತವೆ. ಏಪ್ರಿಲ್‌ನಲ್ಲಿ ಇಲ್ಲಿ ನಡುರಾತ್ರಿಯೂ 27 ಡಿಗ್ರಿ. ನಮಗೇ ನಿದ್ದೆ ಬರಲ್ಲ, ಅಲ್ವಾ? ಆ ತಿಂಗಳು, ಕೊಳೆತದ್ದರ ತುದಿಗಳಿಂದ ಮತ್ತೆ ಬೆಳೆಸಿದ ಗಿಡವನ್ನು ಎಸಿ ಇರುವ ಕೋಣೆಯ ಕಿಟಕಿಗೆ ತಂದೆ, ಗಾಳಿ ನೇರ ಬಡಿಯದ ಮೂಲೆಗೆ. ಹದಿನೈದು ದಿನದಲ್ಲಿ ತುದಿಗಳಲ್ಲಿ ಹೊಸ ಮುತ್ತು ಮೂಡಿದವು. ಗಿಡಕ್ಕೋಸ್ಕರ ಎಸಿ ಹಾಕಿ ಅಂತಲ್ಲ. ಹೇಗೂ ಹಾಕುತ್ತೀರಿ ಅಂದರೆ ಅದಕ್ಕೂ ಜಾಗ ಕೊಡಿ.

ಈಗಿರುವುದು ಆ ಕೊಳೆತ ಗಿಡದಿಂದ ಉಳಿದದ್ದೇ. ಗಟ್ಟಿಯಾಗಿದ್ದ ಐದು ತುದಿಗಳನ್ನು ನಾಲ್ಕು ಬೆರಳುದ್ದ ಕತ್ತರಿಸಿ, ಗಾಯ ಒಣಗಲು ಎರಡು ದಿನ ಪೇಪರ್ ಮೇಲೆ ಫ್ಯಾನ್ ಕೆಳಗೆ ಇಟ್ಟಿದ್ದೆ. ಆಮೇಲೆ ಹೂಳದೆ ಸುಮ್ನೆ ಮಣ್ಣಿನ ಮೇಲೆ ಸುತ್ತಿ ಮಲಗಿಸಿದೆ. ಮೂರರಲ್ಲಿ ಬೇರು ಬಂತು. ನರ್ಸರಿಯಿಂದ ಬಂದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ತೆಗೆದೆ, ಈ ಊರಿಗೆ ಅದು ಸ್ಪಂಜಿದ್ದ ಹಾಗೆ. ಬದಲಿಗೆ ಪಕ್ಕದ ಮನೆಯ ಅಕ್ಕನ ಅಂಗಳದಲ್ಲಿ ಬಿದ್ದಿದ್ದ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು, ಇದ್ದಿಲು, ಸ್ವಲ್ಪವೇ ಮಣ್ಣು. ಪ್ಲಾಸ್ಟಿಕ್ ಬಿಟ್ಟು ಸುಟ್ಟ ಮಣ್ಣಿನ ಅಗಲ ಕುಂಡ, ಆಳ ಕಡಿಮೆ. ಸ್ಪ್ರೇ ಬಾಟಲಿ ಈಗ ಇಸ್ತ್ರಿಗೆ.

ನೀರು ಹಾಕುವ ಮೊದಲು ಹಿಡಿಸೂಡಿಯ (ತೆಂಗಿನ ಕಡ್ಡಿ ಪೊರಕೆಯ) ಒಂದು ಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಒದ್ದೆಯ ಗುರುತಿದ್ದರೆ ಇಲ್ಲ. ಒಣಗಿದ್ದರೂ ಮುತ್ತನ್ನು ಹಿಚುಕಿ ನೋಡುತ್ತೇನೆ. ಗಟ್ಟಿಯಿದ್ದರೆ ಇನ್ನೆರಡು ದಿನ ಕಾಯಬಹುದು. ಸ್ವಲ್ಪ ಮೆತ್ತಗಾಗಿ, ಕಿಟಕಿಯ ಪಟ್ಟಿ ಗೆರೆಯಷ್ಟು ಸಣ್ಣಗಾಗಿದ್ದರೆ ಬಾಯಾರಿದೆ ಅಂತ ಅರ್ಥ. ಚಿಕ್ಕ ಮಕ್ಕಳು, ಬೆಕ್ಕು ಇರುವ ಮನೆಯಾದರೆ ಎತ್ತರದಲ್ಲಿ ನೇತು ಹಾಕಿ. ತಿಂದರೆ ವಿಷ.

ಮಂಗಳೂರಿನಲ್ಲಿ ನನ್ನ ಗಿಡ ಇನ್ನೂ ಹೂ ಬಿಟ್ಟಿಲ್ಲ. ಹೂವಿಗೆ ತಂಪು ರಾತ್ರಿಗಳು ಬೇಕು, ನಮ್ಮಲ್ಲಿ ಅವು ಕಡಿಮೆ. ಈ ಫೆಬ್ರವರಿಯಲ್ಲಿ ತಂಗಿ ಫೋಟೋ ಕಳಿಸಿದ್ದಳು, "ಅಕ್ಕಾ, ನಿನ್ನ ಗಿಡ ಹೂ ಬಿಟ್ಟಿದೆ ನೋಡೇ" ಅಂತ. ಎಷ್ಟೋ ಹೊತ್ತು ನೋಡಿದೆ. ವಾಸನೆ ನೆನಪಿಗೆ ಬಂತು.

ಇವತ್ತು ಹೊರಗೆ ಮಳೆ. ಮೀಟರ್ 88 ತೋರಿಸುತ್ತಿದೆ. ಕೊನೆಯ ಸಲ ನೀರು ಹಾಕಿ 17 ದಿನ ಆಯಿತು. ಬೆಳಿಗ್ಗೆ ಕಡ್ಡಿ ಚುಚ್ಚಿ ನೋಡಿದೆ, ತುದಿ ಇನ್ನೂ ಒದ್ದೆ.