ಮೊದಲೇ ತೀರ್ಮಾನವಾದ ಪಂದ್ಯದಲ್ಲಿ ಮೋಸ ಎಲ್ಲಿಂದ ಬಂತು?

ನಾವು ಹುಡುಗರಾಗಿದ್ದಾಗ ಡಬ್ಲ್ಯೂಡಬ್ಲ್ಯೂಎಫ್ ಎನ್ನುತ್ತಿದ್ದ, 2002ರಲ್ಲಿ ಡಬ್ಲ್ಯೂಡಬ್ಲ್ಯೂಇ ಎಂದು ಹೆಸರು ಬದಲಿಸಿಕೊಂಡ ಅಮೆರಿಕದ ಕುಸ್ತಿಯನ್ನು ನಲವತ್ತರ ಹತ್ತಿರ ಬಂದರೂ ಬಿಡದೆ ನೋಡುವ ನನಗೆ, ಕಾರವಾರದ ಕಚೇರಿಯಲ್ಲೂ ಶಿರಸಿ ಕಡೆಯ ನಮ್ಮ ಮನೆಯ ಜಗಲಿಯಲ್ಲೂ ಎದುರಾಗುವ ಪ್ರಶ್ನೆ ಒಂದೇ. ಕೇಳುವವರ ದನಿ ಮಾತ್ರ ಬೇರೆಬೇರೆ. ಚಿಕ್ಕಪ್ಪ ಅಡಿಕೆ ಸುಲಿಯುತ್ತಲೇ, "ಎಲ್ಲ ನಾಟಕ ಮಾರಾಯಾ, ಅದರಲ್ಲಿ ಮೋಸ ಆಯಿತು ಅಂತ ಜಗಳ ಎಂತಕ್ಕೆ?" ಎನ್ನುತ್ತಾರೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಹಳಿಯಾಳದ ಸಹೋದ್ಯೋಗಿಯದು ಇನ್ನೂ ಕಟುವಾದ ಮಾತು. ಅವರ ಊರು ಕುಸ್ತಿಗೆ ಹೆಸರಾದದ್ದು. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ ಎಂಬುದರ ಮೇಲೆ ಸೋಲು ಗೆಲುವು ನಿಲ್ಲುವ ಕೆಂಪು ಮಣ್ಣಿನ ಅಖಾಡವನ್ನು ಕಂಡು ಬೆಳೆದವರಿಗೆ, ಗೆಲ್ಲುವವನ ಹೆಸರು ಮಧ್ಯಾಹ್ನವೇ ನಿಶ್ಚಯವಾಗುವ ಆಟವನ್ನು ಕುಸ್ತಿ ಎಂದು ಕರೆಯುವುದೇ ಅಪಚಾರವೆನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನಾನು ಇಷ್ಟು ದಿನ ನಕ್ಕು ಜಾರಿಕೊಂಡಿದ್ದೇ ಹೆಚ್ಚು. ಈಗ ಬರೆದೇ ಉತ್ತರಿಸುತ್ತೇನೆ.

ಮೊದಲಿಗೆ, ನಾನೂ ಇಂಥ ಒಂದು ತಕರಾರಿನಲ್ಲಿ ವಾರಗಟ್ಟಲೆ ಮುಳುಗಿದ್ದವನು. 2007ರ ಮಳೆಗಾಲದಲ್ಲಿ ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, ಅಂದರೆ ಗ್ರೇಟ್ ಖಲಿ, ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆಗಿದ್ದ. ಏಳಡಿ ಎತ್ತರದ ನಮ್ಮ ದೇಶದವನೊಬ್ಬ ಚಾಂಪಿಯನ್‌ನ ಆ ಸೊಂಟಪಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡದ್ದನ್ನು ನೋಡಿ ನಮ್ಮ ಕೇರಿಯಲ್ಲಿ ಹುಡುಗರ ನಡಿಗೆಯೇ ಬದಲಾಗಿತ್ತು. ಆ ವರ್ಷದ ಆಗಸ್ಟ್ 26ರ ಸಮರ್‌ಸ್ಲ್ಯಾಮ್ ಎಂಬ ದೊಡ್ಡ ಕಾರ್ಯಕ್ರಮದಲ್ಲಿ ಅವನಿಗೆ ಎದುರಾಳಿ ಬಟಿಸ್ಟಾ. ಟೆನ್ ಸ್ಪೋರ್ಟ್ಸ್‌ನಲ್ಲಿ ಅದನ್ನು ತೋರಿಸಿದ ದಿನ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಚಾಪೆಯ ಮೇಲೆ ಕೂತಿದ್ದೆವು, ಹೊರಗೆ ಜಡಿಮಳೆ. ಬಟಿಸ್ಟಾನ ಕೈ ಮೇಲಾಗುತ್ತಿದೆ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಟಿವಿಯಲ್ಲಿ ಜಾಹೀರಾತು. ಮರುದಿನ, ಇನ್ವರ್ಟರ್ ಇದ್ದ ಮನೆಯಲ್ಲಿ ನೋಡಿದ ಹುಡುಗನೊಬ್ಬ ಬಂದು ಬಟಿಸ್ಟಾ ಗೆದ್ದ ಎಂದ. ಮುಂದಿನ ವಾರದ ಕಾರ್ಯಕ್ರಮದಲ್ಲಿ ನೋಡಿದರೆ ಪಟ್ಟಿ ಖಲಿಯ ಹೆಗಲ ಮೇಲೇ ಇದೆ. ಆ ಹುಡುಗನನ್ನು ನಾವು ಸುಳ್ಳನೆಂದು ಜರೆದದ್ದಕ್ಕೆ ಲೆಕ್ಕವಿಲ್ಲ. ಆದರೆ ಅವನು ಹೇಳಿದ್ದೂ ನಿಜ, ನಾವು ಕಂಡದ್ದೂ ನಿಜ: ಖಲಿ ಕಬ್ಬಿಣದ ಕುರ್ಚಿಯಿಂದ ಹೊಡೆದು ಅನರ್ಹನಾದ್ದರಿಂದ ಪಂದ್ಯ ಬಟಿಸ್ಟಾನದಾಯಿತು, ಅನರ್ಹತೆಯಿಂದ ಸೋತರೆ ಚಾಂಪಿಯನ್‌ಗಿರಿ ಕೈ ಬದಲಾಗುವುದಿಲ್ಲವೆಂಬ ಹಳೆಯ ನಿಯಮದಿಂದಾಗಿ ಪಟ್ಟ ಖಲಿಯಲ್ಲೇ ಉಳಿಯಿತು.

ಆ ಕುರ್ಚಿ ಯಾರದೋ ಬರಹದಂತೆ ಬಂದದ್ದು ಎಂಬುದು ಹದಿಹರೆಯದ ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಜಗಳವಾಡಿದೆವು. ಇದು ಹೇಗೆ ಎನ್ನುವುದೇ ಚಿಕ್ಕಪ್ಪನ ಪ್ರಶ್ನೆಯ ತಿರುಳಾದ್ದರಿಂದ, ಅವರಿಗೆ ಚೆನ್ನಾಗಿ ಗೊತ್ತಿರುವ ಕಡೆಯಿಂದಲೇ ಉತ್ತರವನ್ನು ಆರಂಭಿಸುವುದು ಒಳ್ಳೆಯದು.

ಚಿಕ್ಕಪ್ಪ ತಾಳಮದ್ದಳೆಯ ಹುಚ್ಚಿನವರು. ವಾಲಿವಧೆ ಇದೆಯೆಂದರೆ ಕುಮಟೆಗೋ ಹೊನ್ನಾವರಕ್ಕೋ ಘಟ್ಟ ಇಳಿದು ಹೋಗುವವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ವಾಲಿ ಸಾಯಲೇಬೇಕು, ರಾಮ ಗೆಲ್ಲಲೇಬೇಕು. ಅದು ಭಾಗವತರ ಪುಸ್ತಕದಲ್ಲಿ ಬರೆದಾಗಿದೆ. ಆದರೂ ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಕೇಳತೊಡಗಿದಾಗ ರಾಮನ ಅರ್ಥಧಾರಿ ಸರಿಯಾದ ಉತ್ತರ ಕೊಡದೆ ತಡವರಿಸಿದರೆ, ಮರುದಿನ ಬೆಳಿಗ್ಗೆ ಚಿಕ್ಕಪ್ಪ ಚಹಾ ಕುಡಿಯುತ್ತ, "ನಿನ್ನೆ ವಾಲಿಯೇ ಗೆದ್ದ, ರಾಮನದ್ದು ಬರೀ ಪ್ರಸಂಗದ ಗೆಲುವು" ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪನ್ನು ಒಪ್ಪದ ಇನ್ನೊಬ್ಬರೊಡನೆ ವಾರವಿಡೀ ಮಾತು ಬಿಟ್ಟದ್ದೂ ಉಂಟು. ಭೀಮ ಸೊಂಟದ ಕೆಳಗೆ ಗದೆ ಬೀಸಿದಾಗ ಎದ್ದು ನಿಂತ ಬಲರಾಮನಿಗಿಂತ ದೊಡ್ಡ ಅಭಿಮಾನಿಯ ತಕರಾರು ನನಗಂತೂ ಬೇರೆಲ್ಲೂ ಕಂಡಿಲ್ಲ. ಕೊನೆ ಗೊತ್ತಿದೆ ಎಂಬುದು ತಕರಾರಿಗೆ ಅಡ್ಡಿಯಲ್ಲ. ಆ ಕೊನೆಗೆ ಹೇಗೆ ತಂದು ಮುಟ್ಟಿಸಿದರು ಎಂಬುದೇ ತಕರಾರಿನ ವಿಷಯ.

ಹಾಗೆಂದು ಕುಸ್ತಿಯ ತಕರಾರುಗಳೆಲ್ಲ ಒಂದೇ ಜಾತಿಯವಲ್ಲ, ಇದನ್ನು ಅಭಿಮಾನಿಗಳೇ ಎಷ್ಟೋ ಸಲ ಮರೆಯುತ್ತಾರೆ. ಕಥೆಯೇ ಹೆಣೆದ ತಕರಾರು ಒಂದು. 1988ರ ಫೆಬ್ರವರಿ 5ರಂದು ಇಂಡಿಯಾನಾಪೊಲಿಸ್‌ನಲ್ಲಿ ಆಂಡ್ರೆ ದಿ ಜೈಂಟ್ ಹಲ್ಕ್ ಹೋಗನ್‌ನನ್ನು ಕೆಡವಿ ಮೇಲೆ ಒರಗಿದಾಗ ಹೋಗನ್‌ನ ಭುಜ ನೆಲದಿಂದ ಮೇಲೆದ್ದದ್ದು ಎಲ್ಲರಿಗೂ ಕಾಣುವಂತಿತ್ತು. ಭುಜ ಎದ್ದರೆ ಎಣಿಕೆ ನಿಲ್ಲಬೇಕು, ರೆಫರಿ ಮಾತ್ರ ಗೆಲುವಿನ ಮೂರರವರೆಗೂ ಎಣಿಸಿಯೇಬಿಟ್ಟ. ನಾಲ್ಕು ವರ್ಷ ಹೋಗನ್‌ನಲ್ಲಿದ್ದ ಪಟ್ಟ ಆಂಡ್ರೆಯದಾಯಿತು, ಅವನು ಅದನ್ನು ಅಲ್ಲೇ ಟೆಡ್ ಡಿಬಿಯಾಸಿ ಎಂಬ ಕೋಟ್ಯಧಿಪತಿ ಪಾತ್ರಕ್ಕೆ ಒಪ್ಪಿಸಿದ. ಅಷ್ಟರಲ್ಲಿ ಅದೇ ಮುಖದ ಇನ್ನೊಬ್ಬ ರೆಫರಿ ಅಖಾಡಕ್ಕೆ ಓಡಿಬಂದ! ಡೇವ್ ಹೆಬ್ನರ್ ಮತ್ತು ಅರ್ಲ್ ಹೆಬ್ನರ್ ಎಂಬ ಅವಳಿ ಸಹೋದರರನ್ನು ಇಟ್ಟುಕೊಂಡು ಕಟ್ಟಿದ ಈ ಕಥೆಯನ್ನು ಅಮೆರಿಕದಲ್ಲಿ 3.3 ಕೋಟಿ ಜನ ಟಿವಿಯಲ್ಲಿ ನೋಡಿದರೆಂಬುದು ಇಂದಿಗೂ ಆ ಆಟದ ದಾಖಲೆ. ಪಟ್ಟವನ್ನು ತೆರವೆಂದು ಸಾರಿ, ಮಾರ್ಚ್ 27ರ ರೆಸಲ್‌ಮೇನಿಯಾದಲ್ಲಿ ಟೂರ್ನಮೆಂಟ್ ನಡೆಸಿ, ರ್‍ಯಾಂಡಿ ಸ್ಯಾವೇಜ್‌ನನ್ನು ಗೆಲ್ಲಿಸಿದರು. ಇಲ್ಲಿ ಪ್ರೇಕ್ಷಕನಿಗೆ ಬಂದ ಸಿಟ್ಟು ಕಥೆಗಾರ ಬಯಸಿದ ಸಿಟ್ಟು. ಖಲಿಯ ಕುರ್ಚಿಯೂ ಇದೇ ಜಾತಿಯದು. ಹಾಗಾಗಿ ನಮ್ಮ ಮನೆಯ ಜಗಳಕ್ಕೆ, ಕರೆಂಟು ಕಂಪನಿಯನ್ನು ಬಿಟ್ಟರೆ, ಬೇರೆ ಅಪರಾಧಿ ಇರಲಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದದ್ದು ಬೇರೆಯೇ. ಚಿಕ್ಕಪ್ಪನ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಅಲ್ಲಿ.

1997ರ ನವೆಂಬರ್ 9ರ ಸರ್ವೈವರ್ ಸೀರೀಸ್ ಎಂಬ ಕಾರ್ಯಕ್ರಮ. ಚಾಂಪಿಯನ್ ಬ್ರೆಟ್ ಹಾರ್ಟ್ ಕೆನಡಾದವನು, ಅಲ್ಲಿನ ಮನೆಮಗ. ಹಿಂದಿನ ವರ್ಷವಷ್ಟೇ 20 ವರ್ಷಗಳ ಕರಾರಿಗೆ ಸಹಿ ಹಾಕಿದ್ದ ಅವನಿಗೆ, ಡಬ್ಲ್ಯೂಡಬ್ಲ್ಯೂಎಫ್‌ನ ಮಾಲೀಕ ವಿನ್ಸ್ ಮೆಕ್‌ಮಹೊನ್ ಅಷ್ಟು ಹಣ ಕೊಡುವ ಶಕ್ತಿ ತನಗಿಲ್ಲವೆಂದು ತಿಳಿಸಿ, ಎದುರಾಳಿ ಕಂಪನಿಯಾದ ಡಬ್ಲ್ಯೂಸಿಡಬ್ಲ್ಯೂಗೆ ಹೋಗಲು ತಾನೇ ದಾರಿ ಬಿಟ್ಟುಕೊಟ್ಟಿದ್ದ. ತೊಡಕಾದದ್ದು ಪಟ್ಟಿಯದು. ತನ್ನ ಜನರೆದುರು, ಅದರಲ್ಲೂ ತನಗೆ ಸ್ವಲ್ಪವೂ ಹೊಂದದ ಶಾನ್ ಮೈಕಲ್ಸ್‌ಗೆ ಸೋಲಲಾರೆನೆಂದು ಬ್ರೆಟ್ ಹಟ ಹಿಡಿದ; ಕರಾರಿನ ಕೊನೆಯ 30 ದಿನಗಳಲ್ಲಿ ತನ್ನ ಪಾತ್ರ ಹೇಗಿರಬೇಕೆಂದು ಹೇಳುವ ಹಕ್ಕೂ ಅವನಿಗಿತ್ತು. ಮೆಕ್‌ಮಹೊನ್‌ನ ಭಯಕ್ಕೂ ಆಧಾರವಿತ್ತು: 1995ರ ಡಿಸೆಂಬರ್‌ನಲ್ಲಿ ಅವನ ಕಂಪನಿಯ ಮಹಿಳಾ ಚಾಂಪಿಯನ್ ಡಬ್ಲ್ಯೂಸಿಡಬ್ಲ್ಯೂ ಸೇರಿ, ಅವರ ನೇರ ಪ್ರಸಾರದಲ್ಲಿ ಇವರ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆದಿದ್ದಳು. ಕಡೆಗೆ ಪಂದ್ಯವು ಗಲಾಟೆಯಲ್ಲಿ ಮುಗಿದು ಅನರ್ಹತೆಯೆಂದು ಘೋಷಣೆಯಾಗುವುದು, ಪಟ್ಟಿಯನ್ನು ಬ್ರೆಟ್ ಆಮೇಲೆ ಗೌರವದಿಂದ ಬಿಟ್ಟುಕೊಡುವುದು ಎಂದು ಮಾತಾಯಿತು. ಖಲಿಯ ಪಂದ್ಯ ಮುಗಿದ ಬಗೆಯೇ ಎನ್ನಿ.

ಆದದ್ದೇನು? ಮೈಕಲ್ಸ್ ಬ್ರೆಟ್‌ನನ್ನು ಬ್ರೆಟ್‌ನದೇ ಪಟ್ಟಾದ ಶಾರ್ಪ್‌ಶೂಟರ್‌ನಲ್ಲಿ ಹಿಡಿದು, ಕಾಲುಗಳನ್ನು ಹೆಣೆದು, ಬೋರಲು ತಿರುಗಿಸಿ ಮೇಲೆ ಕೂರುತ್ತಾನೆ. ಬ್ರೆಟ್ ಒಂದು ಕೈಯನ್ನು ಹಿಂದಕ್ಕೆ ಚಾಚಿ ಮೈಕಲ್ಸ್‌ನ ಕಾಲನ್ನು ಹುಡುಕುತ್ತಾನೆ. ಅದನ್ನು ಹಿಡಿದು ಪಟ್ಟನ್ನು ತಿರುವುಮುರುವು ಮಾಡುವುದು ಅವನಿಗೆ ಹೇಳಿದ್ದ ಮುಂದಿನ ಹೆಜ್ಜೆ. ಅಷ್ಟರಲ್ಲಿ ಅಖಾಡದ ಪಕ್ಕದಲ್ಲಿ ನಿಂತಿದ್ದ ಮೆಕ್‌ಮಹೊನ್ ಗಂಟೆ ಬಾರಿಸಲು ಕೂಗುತ್ತಾನೆ, ಅದೇ ಅರ್ಲ್ ಹೆಬ್ನರ್ ಕೈಸನ್ನೆ ಮಾಡಿ ಅಖಾಡದಿಂದ ಇಳಿದು ಓಡುತ್ತಾನೆ, ಗಂಟೆ ಬಾರಿಸುತ್ತದೆ. ಬ್ರೆಟ್ ಕೈ ತಟ್ಟಿರಲಿಲ್ಲ, ಸೋಲೊಪ್ಪಿ ಬಾಯಿ ಬಿಟ್ಟಿರಲಿಲ್ಲ. ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಣ್ಣು ಹೋಗುವುದು ಆಮೇಲಿನ ಕೆಲವು ಕ್ಷಣಗಳ ಮೇಲೆ. ಬ್ರೆಟ್ ಎದ್ದು ನಿಲ್ಲುತ್ತಾನೆ, ಏನಾಯಿತೆಂದು ಅರ್ಥವಾಗುವವರೆಗೆ ಅವನ ಮುಖದಲ್ಲಿ ಯಾವ ಪಾತ್ರವೂ ಇಲ್ಲ. ಅರ್ಥವಾದೊಡನೆ ಕೆಳಗೆ ನಿಂತ ಮಾಲೀಕನ ಮುಖಕ್ಕೆ ಉಗುಳುತ್ತಾನೆ. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಡಬ್ಲ್ಯೂಸಿಡಬ್ಲ್ಯೂ ಎಂದು ಬರೆಯುತ್ತಾನೆ, ಪಕ್ಕದ ಮಾನಿಟರುಗಳನ್ನು ಒಡೆಯುತ್ತಾನೆ. ಒಳಗೆ ಹೋದ ಮೇಲೆ ಮೆಕ್‌ಮಹೊನ್‌ಗೆ ಗುದ್ದಿದ್ದೂ ಆಯಿತು. ತನಗೆ ಮೊದಲೇ ಏನೂ ಗೊತ್ತಿರಲಿಲ್ಲವೆಂದು ಹೇಳುತ್ತ ಬಂದ ಮೈಕಲ್ಸ್, ಗೊತ್ತಿತ್ತೆಂದು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು.

ಇಲ್ಲಿ ಮೋಸ ಆದದ್ದು ಪಂದ್ಯದಲ್ಲಲ್ಲ, ಮಾತಿನಲ್ಲಿ. ಇದನ್ನೇ ನಾನು ಚಿಕ್ಕಪ್ಪನಿಗೆ ಹೇಳಬೇಕಾಗಿರುವುದು. ಈ ಆಟದಲ್ಲಿ ಸೋಲುವವನು ತನ್ನ ಮೈಯನ್ನು ಎದುರಾಳಿಯ ಕೈಗೆ ಒಪ್ಪಿಸುತ್ತಾನೆ: ಎತ್ತುವವನು ಸರಿಯಾಗಿ ಇಳಿಸುತ್ತಾನೆ, ಕಾಲು ತಿರುಚುವವನು ಮುರಿಯುವುದಿಲ್ಲ ಎಂಬ ಭರವಸೆಯಿಂದ. ಕೊನೆ ಮೊದಲೇ ತೀರ್ಮಾನವಾಗಿರುತ್ತದೆ ಎನ್ನುವುದೇ ಆ ಭರವಸೆಯ ಅಡಿಪಾಯ. ತಾಳಮದ್ದಳೆಯಲ್ಲಿ ವಾಲಿಯ ಮಾತು ಮುಗಿಯುವ ಮೊದಲೇ ಭಾಗವತರು ಮಂಗಳ ಹಾಡಿಬಿಟ್ಟರೆ, ಅದೂ ರಾಮನ ಅರ್ಥಧಾರಿಯೂ ಸಂಘಟಕರೂ ಸೇರಿ ಮೊದಲೇ ಗುಟ್ಟಾಗಿ ಹೂಡಿದ್ದೆಂದು ತಿಳಿದರೆ, ಚಿಕ್ಕಪ್ಪ ಸುಮ್ಮನೆ ಶಾಲು ಹೊದ್ದು ಮನೆಗೆ ಬರುತ್ತಾರೆಯೇ?

ಬ್ರೆಟ್‌ನ ಕಡೆಯವರೆಲ್ಲ ಒಪ್ಪದ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಹೊರಟು ನಿಂತ ಚಾಂಪಿಯನ್ ಉಳಿಯುವವನಿಗೆ ಸೋತು ಹೋಗುವುದು ಈ ವೃತ್ತಿಯ ಹಳೆಯ ಮರ್ಯಾದೆ, ಅದನ್ನು ಬ್ರೆಟ್ ಕೆನಡಾದ ನೆಪವೊಡ್ಡಿ ಮುಂದೂಡಿದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಆದರೆ ಮುಂದೂಡುವುದಕ್ಕೆ ಒಪ್ಪಿದವನು ಮೆಕ್‌ಮಹೊನ್. ಒಪ್ಪಿದ ಮೇಲೆ ಒಪ್ಪಿದ್ದೇ.

ಮೂರನೆಯ ಜಾತಿಯದು ಬರೀ ಕೈತಪ್ಪು, ಅದರಲ್ಲಿ ಎತ್ತರದ ಮಾತೇನೂ ಇಲ್ಲ. ಮಾಂಟ್ರಿಯಲ್ ಆಗಿ ಏಳು ವಾರಗಳಿಗೆ, ಡಿಸೆಂಬರ್ 28ರಂದು, ಡಬ್ಲ್ಯೂಸಿಡಬ್ಲ್ಯೂದ ಸ್ಟಾರ್‌ಕೇಡ್‌ನಲ್ಲಿ ಸ್ಟಿಂಗ್ ಮತ್ತು ಹೋಗನ್ ಎದುರಾದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ಟಿಂಗ್ ಪಂದ್ಯವಾಡದೆ, ಮುಖಕ್ಕೆ ಬಿಳಿ ಬಣ್ಣ ಬಳಿದು ಮಾಡಿನ ಮೇಲಿಂದ ಹೋಗನ್‌ನನ್ನು ನೋಡುತ್ತ ನಿಂತದ್ದನ್ನು ತೋರಿಸಿ ತೋರಿಸಿ ಜನರ ಆಸೆಯನ್ನು ಬೆಳೆಸಿದ್ದರು. ಹೋಗನ್‌ನ ಕಡೆಯ ರೆಫರಿ ನಿಕ್ ಪ್ಯಾಟ್ರಿಕ್ ಸರಸರನೆ ಎಣಿಸಿ ಸ್ಟಿಂಗ್‌ಗೆ ಅನ್ಯಾಯ ಮಾಡುವುದು, ಆಗಷ್ಟೇ ಹೊಸ ಕಂಪನಿ ಸೇರಿದ್ದ ಬ್ರೆಟ್ ಬಂದು ಮತ್ತೊಮ್ಮೆ ಇಂಥದ್ದಕ್ಕೆ ಬಿಡಲಾರೆನೆಂದು ಪಂದ್ಯವನ್ನು ಮುಂದುವರಿಸುವುದು, ಸ್ಟಿಂಗ್ ಗೆಲ್ಲುವುದು ಎಂಬುದು ಕಥೆ. ಪ್ಯಾಟ್ರಿಕ್ ಎಣಿಸಿದ್ದು ಮಾತ್ರ ಎಲ್ಲ ಪಂದ್ಯಗಳಲ್ಲಿ ಎಣಿಸುವ ವೇಗದಲ್ಲೇ. ಒಂದು, ಎರಡು, ಮೂರು. ಸ್ಟಿಂಗ್ ಸ್ವಚ್ಛವಾಗಿ ಸೋತಂತೆ ಕಂಡಿತು. ಅನ್ಯಾಯವೇ ಆಗದ ಕಡೆ ಬ್ರೆಟ್ ಬಂದು ಅನ್ಯಾಯವೆಂದು ಕೂಗಾಡಿದ. ಅದೇಕೆ ಹಾಗಾಯಿತೆಂಬುದಕ್ಕೆ ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ನನಗೆ ಆ ಕಾರಣಗಳಲ್ಲಿ ಆಸಕ್ತಿಯಿಲ್ಲ. ವರ್ಷವಿಡೀ ಕಾಯಿಸಿದ ಕಥೆಯೊಂದು ರೆಫರಿಯ ಅಂಗೈ ಮೂರು ಸಲ ನೆಲ ತಟ್ಟಿದ ವೇಗದಲ್ಲಿ ಕೆಟ್ಟಿತು ಎಂಬುದು ಮಾತ್ರ ಮುಖ್ಯ. ಯಾರು ಗೆಲ್ಲಬೇಕೆಂಬುದನ್ನು ಕಂಪನಿಗೆ ಬಿಟ್ಟುಕೊಟ್ಟ ಪ್ರೇಕ್ಷಕ, ಎಣಿಕೆಯನ್ನು ಮಾತ್ರ ತನ್ನ ಕಣ್ಣಿನಲ್ಲೇ ಇಟ್ಟುಕೊಂಡಿರುತ್ತಾನೆ.

ಮಾಂಟ್ರಿಯಲ್‌ನ ನಿಜವಾದ ಮೋಸವೂ ಸರಕಾಗಲು ಒಂದು ವರ್ಷ ಸಾಕಾಯಿತು. 1998ರ ಸರ್ವೈವರ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ರಾಕ್ ಮ್ಯಾನ್‌ಕೈಂಡ್‌ನಿಗೆ ಅದೇ ಶಾರ್ಪ್‌ಶೂಟರ್ ಹಾಕಿದ, ಮೆಕ್‌ಮಹೊನ್ ಅದೇ ರೀತಿ ಗಂಟೆ ಬಾರಿಸಲು ಹೇಳಿದ, ಮ್ಯಾನ್‌ಕೈಂಡ್ ಸೋಲೊಪ್ಪದೆಯೇ ಸೋತ. ಈ ಸಲ ಆಡಿದವರೆಲ್ಲರಿಗೂ ಮೊದಲೇ ಗೊತ್ತಿತ್ತು. ಬ್ರೆಟ್ ಮತ್ತು ಮೈಕಲ್ಸ್ ಅದೇ ಕಂಪನಿಯ ಅಖಾಡದಲ್ಲಿ ಕೈಕುಲುಕಿದ್ದು 2010ರ ಜನವರಿ 4ರಂದು, ಹನ್ನೆರಡು ವರ್ಷಗಳ ಮೇಲೆ.

ಹಳಿಯಾಳದ ಸಹೋದ್ಯೋಗಿಗೆ ಇಷ್ಟೆಲ್ಲ ಹೇಳಲು ಚಹಾದ ಬಿಡುವು ಸಾಲಲಿಲ್ಲ. ಹೋದ ವಾರ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಕೂತಾಗ ಮೊಬೈಲಿನಲ್ಲಿ ಮಾಂಟ್ರಿಯಲ್ ಪಂದ್ಯದ ಆ ಕೊನೆಯ ಒಂದು ನಿಮಿಷವನ್ನು ತೋರಿಸಿದೆ. ಇದೆಲ್ಲ ನಾಟಕ ಎನ್ನುವ ನಗೆ ಮುಖದಲ್ಲಿತ್ತು. ಮೊದಲ ಸಲ ಸುಮ್ಮನೆ ನೋಡಿದರು. ಎರಡನೆಯ ಸಲ ತಾವೇ ಬೆರಳಿಟ್ಟು ಹಿಂದಕ್ಕೆ ಎಳೆದು, ಬ್ರೆಟ್‌ನ ಕೈ ಮೈಕಲ್ಸ್‌ನ ಕಾಲಿಗೆ ತಗಲುವ ಜಾಗದಲ್ಲಿ ನಿಲ್ಲಿಸಿ, ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಅಲ್ರೀ, ಕಾಲು ಕೈಗೆ ಸಿಕ್ಕೇ ಬಿಟ್ಟಿತ್ತಲ್ಲ! ಇನ್ನೇನು ತಿರುಗಿಸ್ತಿದ್ದ. ಗಂಟೆ ಯಾಕೆ ಹೊಡೆದ್ರು?"